ಮಲಗಿಸಿದ ತಕ್ಕಡಿ

ಮುರಿದ ಗಾಜಿನ ಎರಡು ತುಂಡುಗಳ ನಡುವೆ ಟೇಪಕ್ಕ ತೆಳುವಾದ ಕಾಗದವೊಂದನ್ನು ತೂರಿಸಲು ನೋಡಿದಳು. ಹೋಗಲಿಲ್ಲ. ತಲೆಯಿಂದ ಒಂದು ಬಿಳಿ ಕೂದಲು ಕಿತ್ತು ಅದನ್ನು ತೂರಿಸಲು ನೋಡಿದಳು. ಅದೂ ಹೋಗಲಿಲ್ಲ.

"ಗೋಡೆ ಸರಿದಿಲ್ಲ ಕಣೆ ಪುಟ್ಟಿ," ಎಂದಳು ಏಣಿಯ ಮೇಲಿಂದಲೇ. "ಗಾಜು ತಾನಾಗಿ ಮುರಿದಿಲ್ಲ. ಯಾರೋ ಮುರಿದಿದ್ದಾರೆ."

ಪುಟ್ಟಿ ಎಂದರೆ ಐವತ್ತು ದಾಟಿದ ಹೆಂಗಸು, ತಕ್ಕಡಿ ಅಂಗಡಿಯ ಒಡತಿ. ಗಿರಾಕಿಗಳು ಅವಳನ್ನು ಮೇಡಂ ಎನ್ನುತ್ತಾರೆ. ಬೇಕಾದವರಿಗೆ ಅವಳು ಇನ್ನೂ ಪುಟ್ಟಿಯೇ. ಏಣಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದವಳು ಆ ಮಾತು ಕೇಳಿ ತಲೆಯೆತ್ತಿ ನೋಡಿದಳು.

ಎರಡು ತಿಂಗಳ ಹಿಂದೆ ಪೂರ್ವದ ಗೋಡೆಯಲ್ಲಿ ಎಳೆಯಂಥ ಬಿರುಕು ಕಂಡಾಗ ಟೇಪಕ್ಕನೇ ಅದರ ಮೇಲೆ ಅಡ್ಡಲಾಗಿ ಮೂರು ಗಾಜಿನ ಪಟ್ಟಿ ಅಂಟಿಸಿ, ತಾರೀಖು ಗೀಚಿ ಹೋಗಿದ್ದಳು. ಗೋಡೆ ಸರಿದರೆ ಗಾಜು ತಡೆಯದೆ ಮುರಿಯುತ್ತದೆ. ಸರಿಯದಿದ್ದರೆ ಇದ್ದಂತೆಯೇ ಇರುತ್ತದೆ. ಸೋಮವಾರ ಬೆಳಿಗ್ಗೆ ಪುಟ್ಟಿ ಅಂಗಡಿ ತೆಗೆದಾಗ ಮೂರೂ ಮುರಿದಿದ್ದವು.

ಇವತ್ತು ಬುಧವಾರ. ನಾಲ್ಕು ಗಂಟೆಗೆ ಹಳೆಯ ಕಟ್ಟಡಗಳ ಸಮಿತಿ ಬರುತ್ತದೆ. ಅದರ ಇಂಜಿನಿಯರ್ ಆಗಲೇ ಬಂದು ಮುರಿದ ಗಾಜಿನ ಫೋಟೋ ಹೊಡೆದುಕೊಂಡು ಹೋಗಿದ್ದ. ಗೋಡೆ ಗಟ್ಟಿಯಾಗಿದೆ ಎಂದಾದರೆ ಕಟ್ಟಡ ಉಳಿಸಬೇಕಾದವುಗಳ ಪಟ್ಟಿಗೆ ಸೇರುತ್ತದೆ. ಸರಿಯುತ್ತಿದೆ ಎಂದಾದರೆ ಕೆಡವುವ ನೋಟೀಸು. ಯಾವುದೆಂದು ಬರೆದು ಸಹಿ ಹಾಕಬೇಕಾದವಳು ಟೇಪಕ್ಕ.

ಅವಳು ಮೂವತ್ತನಾಲ್ಕು ವರ್ಷ ನಗರಸಭೆಯಲ್ಲಿ ಅಳತೆಯ ಕೆಲಸ ಮಾಡಿ ನಿವೃತ್ತಳಾದವಳು; ಸಮಿತಿ ಈಗಲೂ ಅಳತೆಗೆ ಅವಳನ್ನೇ ಕರೆಯುತ್ತಿತ್ತು. ಅವಳ ಅಳತೆಯನ್ನು ಮತ್ತೆ ಅಳೆದು ನೋಡುವ ಪದ್ಧತಿ ಆ ಕಚೇರಿಯಲ್ಲಿ ಇರಲಿಲ್ಲ. ಕೈಚೀಲದಲ್ಲಿ ಕನ್ನಡಕ ಮರೆತಿರಬಹುದು, ಟೇಪು ಮರೆತದ್ದಿಲ್ಲ. ಮಗ ಹೊಸ ಮನೆ ಕಟ್ಟಿಸಿ ನೋಡಲು ಕರೆದಾಗ, ಅಡುಗೆಮನೆಯ ಮೂಲೆ ಅರ್ಧ ಇಂಚು ಓರೆಯಾಗಿದೆ ಎಂದು ಬಾಗಿಲಲ್ಲೇ ಹೇಳಿಬಿಟ್ಟಳು. ಸೊಸೆ ಮೂರು ದಿನ ಮಾತು ಬಿಟ್ಟಿದ್ದಳು. ನಾಲ್ಕನೆಯ ದಿನ ಅಲಮಾರು ಆ ಮೂಲೆಯಲ್ಲಿ ಕೂರದೆ ಹೋದಾಗ, ಅತ್ತೆಯನ್ನೇ ಕರೆದಳು.

ಏಣಿ ಇಳಿದು ಟೇಪಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

"ಗೋಡೆ ಬಾಯಿ ಬಿಟ್ಟಿದ್ದರೆ ಗಾಜಿನ ತುಂಡುಗಳೂ ದೂರ ಹೋಗಬೇಕಿತ್ತು. ಇಲ್ಲಿ ಅಂಚಿಗೆ ಅಂಚು ಕೂತಿದೆ. ಬೆರಳಲ್ಲಿ ಒತ್ತಿ ಚಟ್ ಅನ್ನಿಸಿದ್ದಾರೆ, ಅಷ್ಟೆ. ಎದೆಯೆತ್ತರದ್ದೂ ಹಾಗೇ, ಕೈಯೆತ್ತಿದರೆ ಸಿಗೋದೂ ಹಾಗೇ."

"ಕೆಳಗಿನದು?"

ಕೆಳಗಿನ ಪಟ್ಟಿ ತೂಕದ ಕಲ್ಲುಗಳ ಬೀರುವಿನ ಹಿಂದೆ, ನೆಲದಿಂದ ಒಂದು ಗೇಣು ಮೇಲಿತ್ತು. ಆ ಬೀರು ಸರಿಸಲು ಇಬ್ಬರು ಬೇಕು. ಪುಟ್ಟಿ ಸೋಮವಾರ ಸಂದಿಯಲ್ಲಿ ಟಾರ್ಚು ಬಿಟ್ಟು, ಅದೂ ಮುರಿದಿದೆ ಎಂದು ನೋಡಿಕೊಂಡಿದ್ದಳು.

"ಎರಡನ್ನ ಮುರಿದವರು ಮೂರನೇದನ್ನ ಬಿಡ್ತಾರಾ," ಎಂದುಬಿಟ್ಟಳು ಟೇಪಕ್ಕ. ತನ್ನ ಕೈಕೆಳಗಿನವರಿಗೆಲ್ಲ ಮೂರು ಸಲ ಅಳೆಯಿರಿ ಎಂದು ಬುದ್ಧಿ ಹೇಳಿದವಳು ಎರಡಕ್ಕೇ ತೃಪ್ತಳಾದಳು. ಆ ತಪ್ಪು ಒಂದು ಗಂಟೆಯೊಳಗೇ ಅವಳ ಕಾಲಿಗೆ ತೊಡರಲಿತ್ತು.

ಅವಳಿಗೆ ಅವಸರವಿತ್ತು ಎಂದಲ್ಲ. ಆ ಕಟ್ಟಡದ ಮೇಲೆ ಪ್ರೀತಿಯಿತ್ತು. ಪ್ರೀತಿಯಿರುವ ಕಡೆ ಕಣ್ಣು ಸ್ವಲ್ಪ ಮಂಜಾಗುತ್ತದೆ.

ನೋಡಿದರೆ ಅಂಥ ದೊಡ್ಡ ಕಟ್ಟಡವೇನಲ್ಲ. ಪೇಟೆಯ ಎರಡು ಬೀದಿ ಕೂಡುವಲ್ಲಿ, ಮೂಲೆಯನ್ನು ಓರೆಯಾಗಿ ಕತ್ತರಿಸಿ ಬಾಗಿಲಿಟ್ಟ ಎರಡಂತಸ್ತು. ಕೆಳಗೆ ಅಂಗಡಿ, ಮೇಲೆ ಮೂರು ಕೋಣೆ. ಮುಂದೆ ನಾಲ್ಕು ಎರಕದ ಕಬ್ಬಿಣದ ಕಂಬ, ಅವುಗಳ ಮೇಲೆ ಇಟ್ಟಿಗೆಯ ಕಮಾನು. ಕಂಬಗಳು ತೆಳ್ಳಗಿರುವುದರಿಂದ ಬೀದಿಯ ಬೆಳಕು ಅಂಗಡಿಯ ಹಿಂದಿನ ಗೋಡೆಯವರೆಗೂ ಹೋಗಿ ಬೀಳುತ್ತದೆ. ತೂಕ ನೋಡುವವನಿಗೆ ಬೆಳಕು ಮುಖ್ಯ ಎಂದು ಪುಟ್ಟಿಯ ಅಜ್ಜ ಹಾಗೆ ಕಟ್ಟಿಸಿದ್ದು, ತೊಂಬತ್ತೆಂಟು ವರ್ಷದ ಹಿಂದೆ.

ನೆತ್ತಿಯ ಮೇಲೆ ಗಾರೆಯಲ್ಲಿ ಮಾಡಿದ ತಕ್ಕಡಿ. ಕೆಲಸಕ್ಕೆ ಸೇರಿದ ಮೊದಲ ವರ್ಷ ಟೇಪಕ್ಕ ಏಣಿ ಹತ್ತಿ ಅದನ್ನು ಅಳೆದು, ಬಲಗಡೆಯ ತಟ್ಟೆ ಒಂದು ಬೆರಳು ಕೆಳಗಿದೆ, ಗಾರೆಯವನು ತಪ್ಪು ಮಾಡಿದ್ದಾನೆ ಎಂದು ಬರೆದುಕೊಂಡಿದ್ದಳು. ಪುಟ್ಟಿಯ ಚಿಕ್ಕಪ್ಪ ಅವಳನ್ನು ಏಣಿಯಿಂದ ಬೀದಿಗೆ ಇಳಿಸಿ, ಜನ ನಡೆದು ಬರುವ ಕಡೆ ನಿಲ್ಲಿಸಿ, ಈಗ ನೋಡಮ್ಮ ಎಂದಿದ್ದರು. ಕೆಳಗಿನಿಂದ, ಓರೆಯಿಂದ ನೋಡುವ ಕಣ್ಣಿಗೆ ಎರಡೂ ತಟ್ಟೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಸಮ. ಗಾರೆಯವನು ಏಣಿಯ ಮೇಲಿದ್ದವರಿಗಾಗಿ ಮಾಡಿರಲಿಲ್ಲ, ಬೀದಿಯಲ್ಲಿದ್ದವರಿಗಾಗಿ ಮಾಡಿದ್ದ. ಟೇಪಕ್ಕ ಅವತ್ತು ತನ್ನ ಪುಸ್ತಕದ ಆ ಹಾಳೆಯನ್ನು ಹರಿದು ಹಾಕಿದಳು. ಜೀವಮಾನದಲ್ಲಿ ಹರಿದದ್ದು ಅದೊಂದೇ ಹಾಳೆ.

ಆದರೆ ಕಟ್ಟಡದ ನಿಜವಾದ ಹೆಚ್ಚುಗಾರಿಕೆ ಬೀದಿಗೆ ಕಾಣುವುದಿಲ್ಲ. ಅದು ನೆಲದಲ್ಲಿದೆ.

ಅಂಗಡಿಯ ನಡುಮಧ್ಯೆ ಒಂದು ದೊಡ್ಡ ಚಪ್ಪಡಿ. ಅದರ ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಆಳೆತ್ತರದ ಹಿತ್ತಾಳೆಯ ತಕ್ಕಡಿ. ಊರಿನ ಉಳಿದ ತಕ್ಕಡಿಗಳೆಲ್ಲ ಸರಿಯಾಗಿವೆಯೋ ಇಲ್ಲವೋ ಎಂದು ನೋಡುವುದು ಇದರಲ್ಲಿ. ಬೀದಿಯಲ್ಲಿ ಗಾಡಿ ಹೋದಾಗ ಮುಳ್ಳು ಅಲುಗಬಾರದೆಂದು ಅಜ್ಜ ಚಪ್ಪಡಿಗೆ ಬೇರೆಯೇ ಬುನಾದಿ ಹಾಕಿಸಿದ. ಆಳವಾದ ಗುಂಡಿ, ತಳದಲ್ಲಿ ಮರಳು, ಅದರ ಮೇಲೆ ಕಲ್ಲಿನ ದಪ್ಪ ಕಂಬ, ಕಂಬದ ಮೇಲೆ ಚಪ್ಪಡಿ. ಗೋಡೆಗೂ ಅದಕ್ಕೂ ಸಂಬಂಧವಿಲ್ಲ, ಸುತ್ತಲಿನ ನೆಲಕ್ಕೂ ಅದಕ್ಕೂ ಸಂಬಂಧವಿಲ್ಲ. ಸುತ್ತ ಎರಡು ಬೆರಳಿನ ಸಂದು, ಮೇಲೊಂದು ಮರದ ಪಟ್ಟಿ. ಆ ಮನೆಯವರು ಆ ಪಟ್ಟಿಯನ್ನು ತುಳಿಯುವುದಿಲ್ಲ, ದಾಟುತ್ತಾರೆ. ಪುಟ್ಟಿ ನಡೆಯಲು ಕಲಿತದ್ದೇ ಅದನ್ನು ದಾಟುತ್ತ.

ಇಂಥದ್ದನ್ನು ಕೆಡವಿ ಅಲ್ಲಿ ಏನು ಕಟ್ಟುತ್ತಾರೆ? ಪಕ್ಕದ ಜಾಗ ಕೊಂಡ ಕಂಟ್ರಾಕ್ಟರನ ಬಳಿ ಅದರ ಬಣ್ಣದ ಚಿತ್ರವೂ ಇತ್ತು. ಗಾಜು, ಗಾಜು, ಮೇಲೆ ಮತ್ತಷ್ಟು ಗಾಜು. ಮೂಲೆ ಸಿಗದೆ ಅವನ ಕೆಲಸ ಮುಂದೆ ಹೋಗುವಂತಿರಲಿಲ್ಲ. ಸುತ್ತ ಎರಡಾಳೆತ್ತರದ ತಗಡು ಹೊಡೆಸಿ, ಗೇಟಿಗೆ ಬೀಗ ಜಡಿದು ಮೂರು ವಾರವಾಗಿತ್ತು. ಗುದ್ದಲಿಯ ಸದ್ದೂ ಇಲ್ಲ.

ಮೊದಲ ಅನುಮಾನ ಅವನ ಮೇಲೆಯೇ. ಮೂರೂ ಒಟ್ಟಿಗೇ ಮುರಿದದ್ದು ಸರಿ ಕಾಣದೆ ಟೇಪಕ್ಕ ನಿನ್ನೆಯೇ ಅವನನ್ನು ಮಾತಾಡಿಸಿ ಬಂದಿದ್ದಳು. ಅವನು ಕಾಫಿ ಕೊಟ್ಟು, ಅಕ್ಕ ಅಕ್ಕ ಎಂದು ಹತ್ತು ಸಲ ಕರೆದು, ಅಂಗಡಿಯ ಬೀಗದ ಕೈ ತನ್ನಲ್ಲಿಲ್ಲವೆಂದು ನೆನಪಿಸಿದ್ದ. ಅದು ನಿಜ. ಬೀಗ ಒಡೆದಿರಲಿಲ್ಲ.

ಬೀಗದ ಕೈ ಇದ್ದದ್ದು ಮೂವರಲ್ಲಿ. ಮೇಲಿನ ನಡುಕೋಣೆಯಲ್ಲಿರುವ ಪುಟ್ಟಿ. ಮೇಲಿನ ಹಿಂಕೋಣೆಯಲ್ಲಿರುವ ಅವಳ ಚಿಕ್ಕಪ್ಪ. ಮೇಲಿನ ಮುಂಕೋಣೆಯಲ್ಲಿ ಹೊಲಿಯುವ ಟೈಲರ್.

ಟೈಲರಿಗೆ ಕಂಟ್ರಾಕ್ಟರ್ ಹೊಸ ಕಟ್ಟಡದಲ್ಲಿ ಅಂಗಡಿ ಕೊಡುವುದಾಗಿ ಹೇಳಿದ್ದ. ಅದನ್ನು ಅವನು ಮುಚ್ಚಿಡಲೂ ಇಲ್ಲ. ಭಾನುವಾರ ಪೂರ್ತಿ ಒಬ್ಬ ಗಿರಾಕಿಯ ಕೋಟು ಬಿಚ್ಚಿ ಹೊಲಿಯುತ್ತ ಕೂತಿದ್ದೆ ಎಂದು, ಕೋಟನ್ನೂ ತೋರಿಸಿ, ಗಿರಾಕಿಯನ್ನೂ ತೋರಿಸಿದ್ದ. "ನಿಮ್ದೂ ಟೇಪು, ನಂದೂ ಟೇಪು, ಟೇಪಕ್ಕ. ಗೋಡೆ ದಪ್ಪ ಆದ್ರೆ ನಿಮಗೆ ತಲೆನೋವು. ಗಿರಾಕಿ ದಪ್ಪ ಆದ್ರೆ ನನಗೆ ಊಟ. ನಾನ್ಯಾಕೆ ಗೋಡೆ ತಂಟೆಗೆ ಹೋಗ್ಲಿ," ಎಂದಿದ್ದ.

ಮೂರು ಗಂಟೆ ಹೊಡೆಯಿತು. ಪುಟ್ಟಿ ಗಾಜಿನ ಪೆಟ್ಟಿಗೆ ಒರೆಸುತ್ತ, ತನ್ನಷ್ಟಕ್ಕೇ ಗೊಣಗಿಕೊಂಡಳು.

"ಬುದ್ಧಿ ಎಲ್ಲಿಟ್ಟಿದ್ನೋ. ಶನಿವಾರ ಇದನ್ನ ಎಚ್ಚರ ಬಿಟ್ಟೆ ಅಂದ್ಕೊಂಡಿದ್ದೆ. ಸೋಮವಾರ ನೋಡಿದ್ರೆ ಮಲಗಿತ್ತು."

ಟೇಪಕ್ಕ ಟೇಪು ಸುತ್ತುತ್ತಿದ್ದವಳು ನಿಂತಳು. "ಏನು ಮಲಗಿತ್ತು?"

ತಕ್ಕಡಿ, ಎಂದಳು ಪುಟ್ಟಿ. ಪೆಟ್ಟಿಗೆಯ ಪಕ್ಕದಲ್ಲೊಂದು ಹಿಡಿ ಇತ್ತು. ಅದನ್ನು ತಿರುಗಿಸಿದರೆ ತಕ್ಕಡಿಯ ದಂಡ ತನ್ನ ಚೂಪಾದ ಅಂಚಿನಿಂದ ಮೇಲೆದ್ದು, ಆಸರೆಗಳ ಮೇಲೆ ಒರಗಿ ನಿಲ್ಲುತ್ತದೆ. ಮುಳ್ಳು ಆಡುವುದಿಲ್ಲ. ಆ ಮನೆಯಲ್ಲಿ ಇದಕ್ಕೆ ತಕ್ಕಡಿ ಮಲಗಿಸುವುದು ಎನ್ನುತ್ತಾರೆ. ತೂಕ ಮಾಡದಿರುವಾಗ ಮಲಗಿಸದಿದ್ದರೆ ಅಂಚು ಸವೆದು ತಕ್ಕಡಿ ಸುಳ್ಳಾಗುತ್ತದೆ. ಸಮಿತಿಯವರಿಗೆ ನೆಲದ ಗಟ್ಟಿತನ ತೋರಿಸಬೇಕೆಂದು ಪುಟ್ಟಿ ಶನಿವಾರ ಬೇಕೆಂದೇ ಎಚ್ಚರವಾಗಿ ಬಿಟ್ಟು ಹೋಗಿದ್ದಳಂತೆ. ಭಾನುವಾರ ಮಗಳ ಮನೆಗೆ ಹೋಗಿ ಸಂಜೆ ಬಂದವಳು ಕೆಳಗೆ ಇಳಿದೇ ಇರಲಿಲ್ಲ.

"ಇದನ್ನ ಮಲಗಿಸೋದು ಟೈಲರಿಗೆ ಗೊತ್ತಾ?"

"ಅವನಾ? ಒಂದ್ಸಲ ಪೆಟ್ಟಿಗೆ ಮೇಲೆ ಕತ್ತರಿ ಇಟ್ಟಿದ್ದಕ್ಕೆ ಚಿಕ್ಕಪ್ಪ ಹೇಳಿದ ಮಾತು ಕೇಳಿ, ಅವತ್ತಿಂದ ಇದರ ಹತ್ತಿರಾನೂ ಸುಳಿಯಲ್ಲ." ಹೇಳುತ್ತ ಹೇಳುತ್ತ ಪುಟ್ಟಿಯ ದನಿ ಇಳಿಯಿತು. ಒರೆಸುವ ಬಟ್ಟೆ ಕೈಯಲ್ಲೇ ಉಳಿಯಿತು. "ಇಲ್ಲ ಟೇಪಕ್ಕ. ಹಾಗೆ ಮಾತ್ರ ಅನ್ನಬೇಡಿ."

ಟೇಪಕ್ಕ ಮೆಟ್ಟಿಲು ಹತ್ತಿ ಮೇಲಿನ ಹಿಂಕೋಣೆಗೆ ಹೋದಳು.

ಚಿಕ್ಕಪ್ಪ ಕಿಟಕಿಯ ಪಕ್ಕ ಕೂತಿದ್ದರು. ಎಂಬತ್ತೆರಡು ವರ್ಷ. ಇಸ್ತ್ರಿ ಮಾಡಿದ ಕೋಟು, ಕೋಟಿನ ಜೇಬಿನಲ್ಲಿ ಎರಡೂ ಕೈ. ಆರು ವರ್ಷದಿಂದ ಅವರ ಕೈಗಳನ್ನು ಯಾರೂ ಸರಿಯಾಗಿ ನೋಡಿರಲಿಲ್ಲ. ಒಂದು ಅಕ್ಕಿಕಾಳಿನ ತೂಕವನ್ನು ಬೆರಳ ತುದಿಯಲ್ಲೇ ಹೇಳುತ್ತಿದ್ದ ಕೈ ಅದು. ನಡುಕ ಶುರುವಾದ ದಿನ ಚಿಮಟವನ್ನು ಪುಟ್ಟಿಯ ಮುಂದಿಟ್ಟು, ಇನ್ನು ನೀನೇ ನೋಡಿಕೋ ಎಂದವರು ಮತ್ತೆ ಕೆಲಸದ ಮೇಜಿಗೆ ಕೂತಿರಲಿಲ್ಲ.

ಟೇಪಕ್ಕ ಅವರ ಎದುರಿಗೆ ಸ್ಟೂಲು ಎಳೆದುಕೊಂಡು ಕೂತಳು.

"ಯಜಮಾನರೇ, ಭಾನುವಾರ ತಕ್ಕಡಿ ಮಲಗಿಸಿದ್ದು ನೀವೇ ತಾನೆ?"

"ಎಚ್ಚರ ಬಿಟ್ಟು ಹೋಗೋದನ್ನ ನಮ್ಮಪ್ಪ ಯಾರಿಗೂ ಕಲಿಸಲಿಲ್ಲ," ಎಂದರು ಅವರು, ಬಾಗಿಲಲ್ಲಿ ಬಂದು ನಿಂತ ಪುಟ್ಟಿಗೆ ಕೇಳುವಂತೆ. "ಅಂಚು ಸವೆಯುತ್ತೆ."

"ಅದಕ್ಕೇ ಕೇಳಿದ್ದು. ಗಾಜು ಮುರಿಯೋಕೆ ಬಂದ ಹೊರಗಿನವನು ಅಂಚಿನ ಚಿಂತೆ ಮಾಡ್ತಾನಾ?"

ಮುದುಕರು ಕಿಟಕಿಯಾಚೆ ನೋಡಿದರು. ಅಲ್ಲಿ ನೋಡಲು ತಗಡಿನ ಬೇಲಿ ಬಿಟ್ಟರೆ ಏನೂ ಇರಲಿಲ್ಲ. ಅತ್ತ ನೋಡುತ್ತಲೇ, ಹವಾಮಾನದ ವಿಷಯ ಹೇಳುವಂತೆ ಹೇಳಿದರು.

"ನಾನೇ ಮುರಿದೆ."

ಪುಟ್ಟಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಚಿಕ್ಕಪ್ಪ, ನೀವಾ? ಅಜ್ಜನ ಕಟ್ಟಡನ ಅವರ ಬಾಯಿಗೆ ಹಾಕೋಕೆ ನೀವಾ?"

"ಕಟ್ಟಡ ಮುರೀಲಿಲ್ಲ. ಗಾಜು ಮುರಿದೆ."

"ಆ ಗಾಜಿನ ಫೋಟೋ ಹಿಡ್ಕೊಂಡೇ ಅವರು ಬರ್ತಿರೋದು. ಇನ್ನು ಮುಕ್ಕಾಲು ಗಂಟೆ ಇದೆ."

"ಗೊತ್ತು."

ಟೇಪಕ್ಕ ಕೈಸನ್ನೆ ಮಾಡಿ ಪುಟ್ಟಿಯನ್ನು ಸುಮ್ಮನಾಗಿಸಿದಳು. ಯಾರು ಮುರಿದದ್ದೆಂದು ತಿಳಿದಾಗ ಅರ್ಧ ಕೆಲಸ ಮುಗಿಯುತ್ತದೆ. ಯಾಕೆ ಎನ್ನುವುದು ಉಳಿದರ್ಧ. ಮತ್ತು ಅದನ್ನು ಕೇಳಿ ಪಡೆಯಲಾಗುವುದಿಲ್ಲ, ಕಾಯಬೇಕು.

ಕೊನೆಗೆ ಅವರೇ ಶುರುಮಾಡಿದರು. ಭಾನುವಾರಗಳಂದು ಅಂಗಡಿ ಮುಚ್ಚಿರುವಾಗ ಅವರು ಕೆಳಗೆ ಬಂದು ತಕ್ಕಡಿಯ ಎದುರು ಕೂರುತ್ತಾರೆ. ಬೇರೆಯವರು ಕೆರೆಯ ದಂಡೆಯಲ್ಲಿ ಕೂರುವ ಹಾಗೆ. ಎರಡು ವಾರದ ಹಿಂದೆ ಎಚ್ಚರವಿದ್ದ ತಕ್ಕಡಿಯ ಮುಳ್ಳು ಅಲುಗಿದ್ದನ್ನು ಕಂಡರು. ಒಂದು ಕೂದಲಿನಷ್ಟು. ಬೀದಿಯಲ್ಲಿ ಗಾಡಿಯಿರಲಿಲ್ಲ, ಗಾಳಿಯಿರಲಿಲ್ಲ. ತೊಂಬತ್ತೆಂಟು ವರ್ಷ ಅಲುಗದ ಮುಳ್ಳು. ತಕ್ಷಣ ಮೆಟ್ಟಿಲು ಹತ್ತಿ ಹೋಗಿ ಪುಟ್ಟಿಗೆ ಹೇಳಿದರು.

"ಅವಳು ಏನಂದಳು ಅಂತ ಅವಳನ್ನೇ ಕೇಳು."

ಪುಟ್ಟಿಗೆ ಮೊದಲು ನೆನಪಾಗಲಿಲ್ಲ. ಆಮೇಲೆ ನೆನಪಾಯಿತು. ನೆನಪಾದದ್ದು ಅವಳ ಮುಖದಲ್ಲೇ ಗೊತ್ತಾಯಿತು. ಕೈತುಂಬ ಕೆಲಸ ಹಚ್ಚಿಕೊಂಡು ಓಡಾಡುತ್ತಿದ್ದ ಹೊತ್ತಿನಲ್ಲಿ, ತಿರುಗಿಯೂ ನೋಡದೆ ಹೇಳಿದ ಮಾತು ಅದು.

"ಮುಳ್ಳು ನಡುಗ್ತಿಲ್ಲ ಚಿಕ್ಕಪ್ಪ, ನಿಮ್ಮ ಕೈ ನಡುಗ್ತಿದೆ ಅಂದೆ," ಎಂದಳು ಮೆಲ್ಲಗೆ.

"ಹೂಂ. ಹಾಗಂದಳು." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ನನ್ನ ಮಾತು ಯಾರೂ ನಂಬಲ್ಲ. ಗಾಜು ಮುರಿದ್ರೆ ನಂಬ್ತೀರಿ. ಗಾಜು ಮುರಿದ್ರೆ ಟೇಪಮ್ಮನ ಕರೆಸ್ತೀರಿ, ಅವಳು ಬಂದು ನೆಲ ನೋಡ್ತಾಳೆ ಅಂದ್ಕೊಂಡೆ. ಆ ಇಂಜಿನಿಯರ್ ಅವಳಿಗಿಂತ ಮುಂಚೆ ಬಂದು ಫೋಟೋ ಹೊಡ್ಕೊಂಡು ಹೋಗ್ತಾನೆ ಅಂತ ನನಗೇನು ಕನಸು ಬಿದ್ದಿತ್ತಾ? ಆಮೇಲೆ ಹೇಳೋಕೆ ಬಾಯಿ ಬರಲಿಲ್ಲ."

ಟೇಪಕ್ಕ ಎದ್ದಳು. "ಬನ್ನಿ ಯಜಮಾನರೇ. ಎಚ್ಚರ ಮಾಡಿ ನೋಡೋಣ."

ಮೂವರೂ ಕೆಳಗಿಳಿದು, ಮರದ ಪಟ್ಟಿ ದಾಟಿ ಚಪ್ಪಡಿಯ ಮೇಲೆ ನಿಂತರು. ಪುಟ್ಟಿ ಹಿಡಿ ತಿರುಗಿಸಿದಳು. ದಂಡ ನಿಧಾನವಾಗಿ ಅಂಚಿನ ಮೇಲೆ ಕೂತಿತು. ಖಾಲಿ ತಟ್ಟೆಗಳು ಎರಡು ಸಲ ತೂಗಿ ಶಾಂತವಾದವು. ಮುಳ್ಳು ನಡುಗೆರೆಯ ಮೇಲೆ ಬಂದು ನಿಂತಿತು.

ಹೊರಗೆ ಇಟ್ಟಿಗೆ ತುಂಬಿದ ಲಾರಿಯೊಂದು ಮೂಲೆ ತಿರುಗಿತು. ಕಿಟಕಿಯ ಗಾಜು ಗದಗದಿಸಿತು, ಕಪಾಟಿನ ಬಟ್ಟಲುಗಳು ಕಿಣಿಕಿಣಿ ಎಂದವು. ಮುಳ್ಳು ಮಾತ್ರ ಬರೆದಿಟ್ಟ ಗೆರೆಯಂತಿತ್ತು.

"ನೋಡು," ಎಂದರು ಚಿಕ್ಕಪ್ಪ. "ಅಪ್ಪ ಹಾಕಿಸಿದ ನೆಲ."

ಆ ಎರಡು ಮಾತಿನಲ್ಲಿ ಅವರ ಬೆನ್ನು ನೆಟ್ಟಗಾಗಿದ್ದನ್ನು ಟೇಪಕ್ಕ ಗಮನಿಸಿದಳು. ಲಾರಿ ದೂರ ಹೋಯಿತು. ಬೀದಿ ತೆರವಾಯಿತು. ಐದು ನಿಮಿಷ ಕಳೆಯಿತು. ಪುಟ್ಟಿ ಚಿಕ್ಕಪ್ಪನ ಕಡೆ ಮರುಕದಿಂದ ನೋಡಲು ತಿರುಗಿದಳು.

ಮುಳ್ಳು ಅಲುಗಿತು.

ಒಂದು ಕೂದಲಿನಷ್ಟು ಎಡಕ್ಕೆ, ಮತ್ತೆ ನಡುವಿಗೆ. ಸ್ವಲ್ಪ ತಡೆದು ಇನ್ನೊಮ್ಮೆ. ಇನ್ನೊಮ್ಮೆ. ಹೊಡೆತಕ್ಕೂ ಹೊಡೆತಕ್ಕೂ ಒಂದೇ ಅಂತರ.

ಮೊದಲು ಮಾತಾಡಿದ್ದು ಚಿಕ್ಕಪ್ಪ.

"ನನ್ನ ಕೈ ಜೇಬಲ್ಲಿದೆ ಪುಟ್ಟಿ. ನೋಡ್ಕೋ."

ಪುಟ್ಟಿಗೆ ಅಳು ಬಂತೋ ನಗು ಬಂತೋ ಅವಳಿಗೇ ತಿಳಿಯಲಿಲ್ಲ. ಅವರ ಕೋಟಿನ ಜೇಬಿನೊಳಗೆ ತನ್ನ ಕೈಯನ್ನೂ ಹಾಕಿ, ಆ ನಡುಗುವ ಕೈ ಹಿಡಿದುಕೊಂಡಳು. ಅವರು ಬಿಡಿಸಿಕೊಳ್ಳಲಿಲ್ಲ.

ಟೇಪಕ್ಕನ ತಲೆ ಮಾತ್ರ ಓಡುತ್ತಿತ್ತು. ಬೀದಿಯ ಲಾರಿ ಅಲುಗಿಸದ ಮುಳ್ಳನ್ನು ಅಲುಗಿಸುವುದು ಒಂದೇ. ಚಪ್ಪಡಿಯ ಕೆಳಗಿನ ಕಲ್ಲಿನ ಕಂಬಕ್ಕೇ ಯಾರೋ ನೆಲದಡಿ ಅಗೆಯುತ್ತ ತಾಗುತ್ತಿದ್ದಾರೆ. ಪೂರ್ವಕ್ಕೆ ತಗಡಿನ ಬೇಲಿ. ಗೇಟಿಗೆ ಬೀಗ. ಬೀಗ ಹಾಕಿದ ಜಾಗದಲ್ಲಿ ಕೆಲಸ ನಿಂತಿದೆ ಎಂದು ಇಡೀ ಪೇಟೆ ನಂಬಿತ್ತು, ಅವಳೂ ನಂಬಿದ್ದಳು.

ಆಗ ಇನ್ನೊಂದು ವಿಷಯ ಅವಳ ತಲೆಗೆ ಹೊಳೆಯಿತು. ಹೊಳೆದ ಕೂಡಲೇ ಚಿಕ್ಕಪ್ಪನ ಕಡೆ ತಿರುಗಿದಳು.

"ಯಜಮಾನರೇ, ಎಷ್ಟು ಗಾಜು ಮುರಿದ್ರಿ?"

"ಎರಡು."

"ಮೂರಲ್ವಾ?"

"ಆ ಬೀರು ಸರಿಸಿ ಬಗ್ಗಿ ಮುರಿಯೋಕೆ ನನಗೇನು ಇಪ್ಪತ್ತು ವರ್ಷವಾ? ಎದೆ ಹತ್ರದ್ದು, ಕೈಯೆತ್ತಿದ್ರೆ ಸಿಗೋದು. ಎರಡೇ."

ಟೇಪಕ್ಕ ಮತ್ತು ಪುಟ್ಟಿ ಬೀರಿಗೆ ಹೆಗಲು ಕೊಟ್ಟರು. ಕಲ್ಲುಗಳ ಭಾರಕ್ಕೆ ಅದು ನೆಲವನ್ನು ಕೆರೆಯುತ್ತ, ಕಿರುಚುತ್ತ ಒಂದು ಅಡಿ ಸರಿಯಿತು. ಟೇಪಕ್ಕ ಮಂಡಿಯೂರಿ, ಟಾರ್ಚು ಹಿಡಿದು, ಗಾಜಿನ ತುಂಡುಗಳ ನಡುವೆ ಅದೇ ಕಾಗದ ಇಟ್ಟಳು. ಅದು ಸಲೀಸಾಗಿ ಹೋಯಿತು. ನಾಲ್ಕು ಮಡಿಕೆ ಮಾಡಿ ಇಟ್ಟಳು. ಹಾಗೂ ಹೋಯಿತು.

ಇಲ್ಲಿ ಯಾರ ಬೆರಳೂ ಒತ್ತಿರಲಿಲ್ಲ. ಇಲ್ಲಿ ಗೋಡೆಯೇ ಬಾಯಿ ಬಿಟ್ಟಿತ್ತು, ಬುಡದಿಂದ.

"ಟೇಪಮ್ಮ," ಎಂದರು ಚಿಕ್ಕಪ್ಪ ಚಪ್ಪಡಿಯ ಮೇಲಿಂದ. "ನೀವು ಬೀರು ಎಳೆದ ತಕ್ಷಣ ಮುಳ್ಳು ನಿಂತಿತು."

ಮೂವರೂ ಮುಳ್ಳನ್ನೇ ನೋಡುತ್ತ ನಿಂತರು. ಅಂಗಡಿಯಲ್ಲಿ ಗೋಡೆ ಗಡಿಯಾರದ ಸದ್ದು ಬಿಟ್ಟರೆ ಏನೂ ಇಲ್ಲ. ಒಂದು ನಿಮಿಷ. ಎರಡು. ಮುಳ್ಳು ಮತ್ತೆ ಅಲುಗಲು ಶುರುವಾಯಿತು.

ಕೆಳಗಿದ್ದವರಿಗೆ ಮೇಲಿನದು ಕೇಳಿಸುತ್ತಿತ್ತು.

"ನಾಲ್ಕಕ್ಕೆ ಹತ್ತು ನಿಮಿಷ ಇದೆ," ಎಂದು ಪುಟ್ಟಿ ಪಿಸುಗುಟ್ಟಿದಳು. ಈಗ ಏನು ಬರೆಯುತ್ತೀರಿ ಎಂದು ಅವಳು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಗೋಡೆ ಸರಿದಿಲ್ಲ ಎಂದು ಬರೆದರೆ ಕಟ್ಟಡ ಉಳಿಯುತ್ತದೆ, ಆದರೆ ಅದು ಸುಳ್ಳು. ಸರಿದಿದೆ ಎಂದು ಬರೆದರೆ ಅದು ಸತ್ಯ, ಆದರೆ ನಾಳೆಯೇ ನೋಟೀಸು. ಸುಳ್ಳು ತೂಕ ಹೊರಗೆ ಹೋಗದ ಅಂಗಡಿಯ ನಡುವೆ ನಿಂತು ಸುಳ್ಳು ಬರೆಯುವುದು ಹೇಗೆ? ಪುಟ್ಟಿ ಇಷ್ಟೇ ಹೇಳಿದಳು: "ಇದ್ದಿದ್ದು ಇದ್ದ ಹಾಗೆ ಬರೀರಿ ಟೇಪಕ್ಕ. ಅಜ್ಜ ಇದ್ದಿದ್ರೂ ಅದನ್ನೇ ಹೇಳ್ತಿದ್ದ."

ಹೊರಗೆ ಕಾರಿನ ಬಾಗಿಲು ಮುಚ್ಚಿದ ಸದ್ದಾಯಿತು.

ಸಮಿತಿಯ ಅಧ್ಯಕ್ಷೆ ಮುಂದೆ ಬಂದರು. ನಿವೃತ್ತ ಹೆಡ್‌ಮಿಸ್ಟ್ರೆಸ್, ಕೈಯಲ್ಲಿ ದಪ್ಪ ನೋಟುಪುಸ್ತಕ. ಹಿಂದೆ ಇಂಜಿನಿಯರ್. ಅವನಿಗೆ ಟೇಪಿನ ಸೊನ್ನೆಯ ತುದಿ ಎಲ್ಲಿಡಬೇಕೆಂದು ಕಲಿಸಿದವಳು ಟೇಪಕ್ಕನೇ. ಅವನು ದೊಡ್ಡ ಹುದ್ದೆಗೆ ಏರಿದಾಗ ಪೇಟೆಯೆಲ್ಲ ಹೇಳಿಕೊಂಡು ಬಂದವಳೂ ಅವಳೇ.

ಆಕಾಶದಲ್ಲಿ ಚೂರು ಮೋಡವಿರಲಿಲ್ಲ. ಆದರೂ ಅವನ ಕೈಯಲ್ಲಿ ಛತ್ರಿಯಿತ್ತು.

ಬಾಗಿಲಿಗೆ ಬಂದವನು ಹೊಸ್ತಿಲಲ್ಲಿ ನಿಂತು, ಕಾಲಿನ ಧೂಳು ಕೊಡವುವವನಂತೆ ತಲೆ ತಗ್ಗಿಸಿ, ಛತ್ರಿಯ ತುದಿಯಿಂದ ಹೊಸ್ತಿಲ ಕಲ್ಲಿಗೆ ಕುಟ್ಟಿದ. ಟಕ್. ಟಕ್. ಟಕ್.

ಟೇಪಕ್ಕ ನೋಡುತ್ತಿದ್ದದ್ದು ಅವನನ್ನಲ್ಲ, ಮುಳ್ಳನ್ನು. ಹೊಸ್ತಿಲಿಗೆ ಕುಟ್ಟಿದ್ದಕ್ಕೆ ಅದು ಅಲುಗಲಿಲ್ಲ. ಅಲುಗುತ್ತಿದ್ದದ್ದು ನಿಂತಿತು. ನಿಂತದ್ದು ಮತ್ತೆ ಶುರುವಾಗಲಿಲ್ಲ.

"ಏನು ಟೇಪಕ್ಕ," ಎಂದ ಅವನು ನಗುತ್ತ ಒಳಗೆ ಬಂದು. "ಗೋಡೆ ಸರಿದಿದೆಯೋ ಇಲ್ಲವೋ? ಒಂದೇ ಮಾತಲ್ಲಿ ಹೇಳಿಬಿಡಿ. ಮೇಡಮ್ಮಿಗೂ ಹೊತ್ತಾಗುತ್ತೆ."

"ಸರಿದಿದೆ," ಎಂದಳು ಟೇಪಕ್ಕ.

ಅವನ ನಗು ಅಗಲವಾಯಿತು. ಅಧ್ಯಕ್ಷೆ ಪೆನ್ನಿನ ಮುಚ್ಚಳ ತೆಗೆದರು. ಚಿಕ್ಕಪ್ಪ ತಲೆ ತಗ್ಗಿಸಲಿಲ್ಲ. ಪುಟ್ಟಿಯೂ ತಗ್ಗಿಸಲಿಲ್ಲ.

"ಒಂದು ಮಾತಲ್ಲಿ ಅಂದ್ರೆ ಅಷ್ಟು. ಎರಡನೇ ಮಾತು ಬಾಕಿ ಇದೆ. ತಾನಾಗಿ ಸರಿದಿಲ್ಲ." ಅವಳು ಕೈ ಚಾಚಿದಳು. "ನಿನ್ನ ಛತ್ರಿ ಒಂದು ನಿಮಿಷ ಕೊಡಪ್ಪ."

ಇಂಜಿನಿಯರ್ ಕೊಡಲಿಲ್ಲ. ಕೊಡದಿರಲೂ ಇಲ್ಲ, ಅವಳೇ ತೆಗೆದುಕೊಂಡಳು. ಹಿಂದೆ ಅವನ ಕೈಯಿಂದ ತಪ್ಪಾಗಿ ಹಿಡಿದ ಟೇಪು ತೆಗೆದುಕೊಳ್ಳುತ್ತಿದ್ದ ಹಾಗೆಯೇ.

"ಮೇಡಂ, ದಯವಿಟ್ಟು ಆ ಮುಳ್ಳನ್ನ ನೋಡಿ. ಬೀದಿಯಲ್ಲಿ ಏನೇ ಹೋದ್ರೂ ಅದು ಅಲುಗಲ್ಲ. ಈ ಮನೆಯವರು ತೊಂಬತ್ತೆಂಟು ವರ್ಷದಿಂದ ಅದನ್ನ ಕಾದಿದ್ದಾರೆ."

ಅವಳು ಹೊಸ್ತಿಲಿಗೆ ಹೋಗಿ ಛತ್ರಿಯ ತುದಿಯಿಂದ ಕುಟ್ಟಿದಳು. ಟಕ್. ಟಕ್. ಟಕ್.

ಮುಳ್ಳು ಸುಮ್ಮನಿತ್ತು. ಗಡಿಯಾರ ನಾಲ್ಕು ಹೊಡೆಯಿತು. ನಾಲ್ಕನೆಯ ಹೊಡೆತ ಅಡಗಿದ ಮೇಲೆ, ನೆಲದಡಿಯಿಂದ, ಕೇಳಿಯೂ ಕೇಳದಂತೆ, ಯಾರೋ ಕಲ್ಲಿಗೆ ಕುಟ್ಟಿ ಉತ್ತರ ಕೊಟ್ಟರು.

ಮುಳ್ಳು ಎಡಕ್ಕೆ ಹಾರಿತು. ಒಂದು. ಎರಡು. ಮೂರು.

ಚಿಕ್ಕಪ್ಪ ಜೇಬಿನಿಂದ ಕೈ ಹೊರಗೆ ತೆಗೆದು, ಎಲ್ಲರೆದುರೂ, ನಡುಗುವ ಬೆರಳಿನಿಂದಲೇ ಮುಳ್ಳನ್ನು ತೋರಿಸಿದರು. ಪುಟ್ಟಿ ನೋಡಿದಳು. ಅಧ್ಯಕ್ಷೆಯೂ ನೋಡಿದರು.

ನೋಡದಿದ್ದವನು ಇಂಜಿನಿಯರ್ ಒಬ್ಬನೇ. ಮುಂದೇನು ಮಾಡಲಿ ಎಂದು ಅಪ್ಪಣೆ ಕೇಳುವವನಂತೆ ಅವನು ನೋಡುತ್ತಿದ್ದದ್ದು ಅಧ್ಯಕ್ಷೆಯ ಮುಖವನ್ನು. ಅವರು ಆಗಲೇ ನೋಟುಪುಸ್ತಕ ಮುಚ್ಚಿ, ಅವನಿಗೆ ಸುಮ್ಮನಿರೆಂದು ಕಣ್ಣಲ್ಲೇ ಸೂಚಿಸಿ, ಹಿಂದಕ್ಕೆ ಕೈ ಚಾಚಿ, ಅಂಗಡಿಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕುತ್ತಿದ್ದರು.